ಫಲಕದಲ್ಲಿ ಇಲ್ಲದ ಹೆಸರು: ನಿಮ್ಮೂರಿನ ಹಳೆಯ ಗೋಶಾಲೆ ಶುರು ಮಾಡಿದವರು ಯಾರು ಅಂತ ಹುಡುಕುವುದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ರಸ್ತೆ ಗೊತ್ತಲ್ಲ, ಆ ರಸ್ತೆಯ ಬದಿಯಲ್ಲಿ, ಘಟ್ಟದ ಮೇಲೆ, ನಮ್ಮೂರ ಹತ್ತಿರ ಒಂದು ಹಳೆಯ ಕೊಟ್ಟಿಗೆ ಇದೆ. ಚಿರೆಕಲ್ಲಿನ ಗೋಡೆ. ಹೆಂಚು ಅರ್ಧ ಬಿದ್ದಿದೆ. ಎದುರಿಗೆ ಒಂದೇ ಕಲ್ಲಿನಲ್ಲಿ ಕಡೆದ ಉದ್ದನೆಯ ಬಾನಿ. ಮುದಿ ದನ, ಕಾಲು ಮುರಿದ ಎತ್ತು, ಯಾರೋ ರಸ್ತೆಯಲ್ಲಿ ಬಿಟ್ಟುಹೋದ ಗಂಡುಕರು, ಹೀಗೆ ಹತ್ತಾರು ಜೀವ ಅಲ್ಲಿ ಈಗಲೂ ಇವೆ, ಊರವರೇ ಸರದಿಯ ಮೇಲೆ ಹುಲ್ಲು ಹಾಕುತ್ತಾರೆ. ಯಾರು ಶುರು ಮಾಡಿದ್ದು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಅದು ಮೊದ್ಲಿಂದ್ಲೂ ಇದ್ದು."

ಮೊದಲಿಂದ ಅಂದರೆ ಯಾವಾಗಿಂದ? ಬಾಗಿಲ ಮೇಲಿನ ಕಲ್ಲಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಹೆಸರಿದೆ, ಅಷ್ಟೇ. ನಾನೂ ಬಹಳ ದಿನ ಅವರೇ ಸ್ಥಾಪಕರು ಅಂತ ನಂಬಿದ್ದೆ. ಬಿಡುವಾದಾಗಲೆಲ್ಲ ಹುಡುಕುತ್ತಾ ಎರಡು ವರ್ಷ ಕಳೆದ ಮೇಲೆ ಗೊತ್ತಾಯಿತು, ಕಲ್ಲಿನಲ್ಲಿ ಇರುವುದು ಹಣ ಕೊಟ್ಟವರ ಹೆಸರು, ದನಗಳನ್ನು ಉಳಿಸಿದವರ ಹೆಸರು ಬೇರೆ ಕಡೆ ಇತ್ತು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೋಶಾಲೆ ಇರಲಿ, ಮುದಿ, ರೋಗದ ಪ್ರಾಣಿಗಳನ್ನು ಸಾಕುವ ಪಾಂಜರಪೋಳ ಇರಲಿ, ಕಾರವಾರದ ಕಡೆ ನಾಯಿ-ಬೆಕ್ಕು ನೋಡಿಕೊಳ್ಳುವ ಜಾಗ ಇರಲಿ, ಹುಡುಕುವ ರೀತಿ ಹೆಚ್ಚು ಕಡಿಮೆ ಒಂದೇ.

ಮೊದಲು ಪ್ರಶ್ನೆಯನ್ನು ಒಡೆಯಿರಿ

'ಸ್ಥಾಪಕರು ಯಾರು' ಅನ್ನುವ ಒಂದೇ ಪ್ರಶ್ನೆ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅದನ್ನು ನಾಲ್ಕು ಮಾಡಿಕೊಳ್ಳಿ. ಜಾಗ ಯಾರದ್ದು? ಹಣ ಯಾರು ಕೊಟ್ಟರು? ಕಾಗದದ ಮೇಲೆ ಯಾರು ಸಹಿ ಹಾಕಿದರು? ದಿನಾ ಬೆಳಿಗ್ಗೆ ಎದ್ದು ಹುಲ್ಲು ಹಾಕಿದವರು ಯಾರು? ಕೆಲವು ಕಡೆ ನಾಲ್ಕಕ್ಕೂ ಒಂದೇ ಹೆಸರು ಬರುತ್ತದೆ. ಹೆಚ್ಚಿನ ಕಡೆ ಬರುವುದಿಲ್ಲ. ಕೊನೆಯ ಪ್ರಶ್ನೆಯ ಉತ್ತರವೇ ಎಲ್ಲಕ್ಕಿಂತ ಬೇಗ ಅಳಿಸಿಹೋಗುವುದು, ಯಾಕಂದರೆ ಹುಲ್ಲು ಹಾಕುವುದಕ್ಕೆ ಯಾರೂ ರಸೀದಿ ಬರೆಯುವುದಿಲ್ಲ.

ಒಂದು ದಪ್ಪ ನೋಟುಬುಕ್ ತೆಗೆದುಕೊಳ್ಳಿ. ಬಲಗಡೆ ಪುಟದಲ್ಲಿ ಸಿಕ್ಕಿದ ಸಂಗತಿ, ಎಡಗಡೆ ಪುಟದಲ್ಲಿ ಅದು ಎಲ್ಲಿಂದ ಬಂತು, ಯಾರು ಹೇಳಿದರು, ಯಾವ ತಾರೀಕು, ಯಾವ ಪುಟ. ಇದನ್ನು ಮೊದಲ ದಿನದಿಂದಲೇ ಮಾಡಿ. ಆರು ತಿಂಗಳು ಕಳೆದ ಮೇಲೆ 'ಇದನ್ನು ಎಲ್ಲೋ ಓದಿದ್ದೆನಲ್ಲ' ಅಂತ ಕೂತರೆ ಆ ಸಂಗತಿ ಇದ್ದೂ ಇಲ್ಲದ ಹಾಗೆ.

ಜಾಗವನ್ನೇ ಓದಿ

ಕಚೇರಿಗೆ ಹೋಗುವ ಮೊದಲು ಜಾಗಕ್ಕೆ ಹೋಗಿ, ಅದೂ ಮಳೆಗಾಲ ಮುಗಿದು ಪಾಚಿ ಒಣಗಿದ ಮೇಲೆ. ಜನವರಿಯಿಂದ ಏಪ್ರಿಲ್ ತನಕ ಒಳ್ಳೆಯ ಹೊತ್ತು. ಬಾಗಿಲ ಮೇಲಿನ ಕಲ್ಲು, ಬಾವಿಯ ಕಟ್ಟೆ, ಬಾನಿಯ ಅಂಚು, ಹೆಂಚಿನ ಹಿಂಬದಿ, ಎಲ್ಲ ನೋಡಿ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ಕೆಲವದರಲ್ಲಿ ಇಸವಿಯೂ ಇರುತ್ತದೆ. ಹಾಗಂತ ಹೆಂಚಿನ ಇಸವಿಯೇ ಕಟ್ಟಡದ ಇಸವಿ ಅಂತ ಬರೆದುಬಿಡಬೇಡಿ, ಮಾಡು ಆಮೇಲೆ ಬದಲಾಗಿರಬಹುದು.

ಅಕ್ಷರ ಸವೆದಿದ್ದರೆ ತಂತಿ ಬ್ರಷ್ ಹಾಕಿ ಉಜ್ಜಲೇಬೇಡಿ. ಚಿರೆಕಲ್ಲು ಮೆದು, ಅಕ್ಷರವೇ ಉದುರಿಹೋಗುತ್ತದೆ. ಸುಣ್ಣ, ಬಣ್ಣ ತುಂಬುವುದೂ ಬೇಡ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು. ಹಗಲು ಕಾಣದ ಗೆರೆ ನೆರಳಿನಲ್ಲಿ ಎದ್ದು ಕಾಣುತ್ತದೆ. ನಮ್ಮ ಕೊಟ್ಟಿಗೆಯ ಕಲ್ಲಿನಲ್ಲಿ ಹೆಸರಿನ ಕೆಳಗೆ 'ಶಾರ್ವರಿ' ಅನ್ನುವ ಸಂವತ್ಸರದ ಹೆಸರು ಸಿಕ್ಕಿದ್ದು ಹೀಗೆ.

ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅಲ್ವಾ. 2020-21 ಶಾರ್ವರಿ. ಅದಕ್ಕೂ ಹಿಂದಿನದು 1960-61, ಅದಕ್ಕೂ ಹಿಂದೆ 1900-01. ಎರಡರಲ್ಲಿ ಯಾವುದು ಅಂತ ಕಲ್ಲು ಹೇಳುವುದಿಲ್ಲ, ಬೇರೆ ಕಾಗದ ಹೇಳಬೇಕು. ಶಕ ವರ್ಷ ಬರೆದಿದ್ದರೆ 78 ಕೂಡಿಸಿ. ಹಳೆಯ ಕಂದಾಯ ಕಾಗದದಲ್ಲಿ ಫಸಲಿ ಅಂತ ಇದ್ದರೆ 590 ಕೂಡಿಸಿ. ಒಂದು ವರ್ಷ ಹಿಂದೆ ಮುಂದೆ ಆಗಬಹುದು, ಯಾಕಂದರೆ ಇವು ಯಾವುವೂ ಜನವರಿಗೆ ಶುರುವಾಗುವುದಿಲ್ಲ.

ಹಿರಿಯರ ಹತ್ತಿರ ಕೂರುವುದು

ಈ ಕೆಲಸಕ್ಕೆ ಅವಸರ ಪಡಬೇಡಿ, ಆದರೆ ಮುಂದಕ್ಕೂ ಹಾಕಬೇಡಿ. ಕಾಗದ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಇದ್ದೀತು, ತೊಂಬತ್ತು ದಾಟಿದ ಅಜ್ಜ ಇರುವುದಿಲ್ಲ. ನಾನು ಕಚೇರಿಗಳಲ್ಲಿ ಮೊದಲ ಆರು ತಿಂಗಳು ಕಳೆದೆ. ಅಷ್ಟರಲ್ಲಿ ಇಬ್ಬರು ತೀರಿಕೊಂಡರು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮನೆಗೆ ಹೋದ ಕೂಡಲೇ ಮೊಬೈಲ್ ಎದುರಿಗೆ ಹಿಡಿದು ಪ್ರಶ್ನೆ ಕೇಳಬೇಡಿ. ಘಟ್ಟದ ಮೇಲಿನ ಮನೆಗಳಲ್ಲಿ ಮೊದಲು "ತಮಾ, ಆಸರಿಗೆ ಕುಡಿ" ಅನ್ನುತ್ತಾರೆ, ಕುಡಿಯಿರಿ. ಕವಳದ ತಬಕು ಬರುತ್ತದೆ. ತೋಟದ ಮಾತು, ಕೊಳೆರೋಗದ ಮಾತು, ಮಗಳ ಮನೆಯ ಮಾತು ಆಗಲಿ. ಆಮೇಲೆ ಧ್ವನಿ ಮುದ್ರಿಸಿಕೊಳ್ಳಬಹುದಾ ಅಂತ ಕೇಳಿ. ಬೇಡ ಅಂದರೆ ಬೇಡ, ಕೈಯಲ್ಲಿ ಬರೆದುಕೊಳ್ಳಿ.

ಪ್ರಶ್ನೆ ನೇರವಾಗಿ ಇರಬಾರದು. "ಇದನ್ನು ಯಾವ ಇಸವಿಯಲ್ಲಿ ಕಟ್ಟಿದರು?" ಅಂದರೆ ಯಾರಿಗೂ ಗೊತ್ತಿರುವುದಿಲ್ಲ. ಇಸವಿ ಬದಲು ಗುರುತು ಕೊಡಿ. ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಅಂದ ಕರನಿರಾಕರಣೆಯ ಕಾಲಕ್ಕೆ ಇತ್ತಾ? ಅಂಕೋಲಾ, ಸಿದ್ದಾಪುರದ ಕಡೆ ಮನೆ-ಜಮೀನು ಜಪ್ತಿ ಆದ 1930-32ರ ನೆನಪು ಮನೆಮನೆಯಲ್ಲೂ ಉಳಿದಿದೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ? ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ 1956ರಲ್ಲಿ? ಆಣೆ ಹೋಗಿ ನಯಾಪೈಸೆ ಬಂದ 1957ರಲ್ಲಿ? ಕಾರವಾರದವರಿಗಾದರೆ ಗೋವಾ ಬಿಡುಗಡೆಯಾದ 1961 ಒಳ್ಳೆಯ ಗುರುತು. ಆಮೇಲೆ 'ಉಳುವವನೇ ಒಡೆಯ' ಬಂದ 1974. "ಆಗ ಅಪ್ಪ ಅಲ್ಲಿಗೆ ಹುಲ್ಲು ಕಳಿಸ್ತಿದ್ದ" ಅನ್ನುವ ಒಂದು ಮಾತು ಸಿಕ್ಕರೆ ಸಾಕು, ಕಾಲದ ಒಂದು ತುದಿ ಕೈಗೆ ಬಂತು.

ಇನ್ನೊಂದು ಮಾತು. ಊರಿನ ದೊಡ್ಡ ಮನೆಗಳಿಗೆ ಮಾತ್ರ ಹೋಗಬೇಡಿ. ದನ ಕಾಯುತ್ತಿದ್ದವರು, ಹಾಲಕ್ಕಿ ಒಕ್ಕಲಿಗರ ಕೊಪ್ಪ, ಎಮ್ಮೆ ಸಾಕುವ ಗೌಳಿಗರ ದೊಡ್ಡಿ, ಹಳೆಯ ಗಾಡಿಯವರ ಮನೆ, ಸಂತೆಯಲ್ಲಿ ದನದ ದಲ್ಲಾಳಿ ಮಾಡುತ್ತಿದ್ದವರು, ಇವರಿಗೆ ಗೊತ್ತಿರುವುದು ದೊಡ್ಡ ಮನೆಯವರಿಗೆ ಗೊತ್ತಿರುವುದಿಲ್ಲ. ಹೆಂಗಸರನ್ನು ಬೇರೆಯಾಗಿ ಕೇಳಿ. ಗಂಡಸರು ಎದುರಿಗೆ ಕೂತಾಗ "ಅವ್ರೇ ಹೇಳ್ತ್ರು" ಅಂತ ಸುಮ್ಮನಾಗುವ ಅಜ್ಜಿಗೆ ಅಕ್ಕಚ್ಚು ಹೊತ್ತುಕೊಂಡು ಹೋದವರು ಯಾರು ಅನ್ನುವುದು ಚೆನ್ನಾಗಿ ನೆನಪಿರುತ್ತದೆ. ನನಗೆ ಮೊದಲ ಸುಳಿವು ಸಿಕ್ಕಿದ್ದೂ ಒಬ್ಬ ಅಜ್ಜಿಯಿಂದಲೇ. "ಅಲ್ಲಿ ಒಬ್ಬ ಲಾಳದವ ಇದ್ದಿದ್ದ, ಕುಂಟೆತ್ತೆಲ್ಲ ಅವಂದೇ ಲೆಕ್ಕ" ಅಂದರು. ಆವತ್ತು ಅದನ್ನು ಬರೆದುಕೊಂಡೆ, ಆದರೆ ಅರ್ಥ ಆಗಲಿಲ್ಲ.

ನೆಲದ ಕಾಗದ

ಕೊಟ್ಟಿಗೆ ಗಾಳಿಯಲ್ಲಿ ನಿಂತಿಲ್ಲ, ಅದಕ್ಕೊಂದು ಸರ್ವೆ ನಂಬರ್ ಇರುತ್ತದೆ. ಪಕ್ಕದ ಜಮೀನಿನವರನ್ನು ಕೇಳಿ, ಇಲ್ಲವೇ ಗ್ರಾಮ ನಕ್ಷೆಯಲ್ಲಿ ಹುಡುಕಿ. ನಂಬರ್ ಸಿಕ್ಕಿದರೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು, 11ರಲ್ಲಿ ಇತರೆ ಹಕ್ಕು. 10ನೇ ಕಾಲಂನ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಬಹಳ ಮುಖ್ಯ. ಅದನ್ನು ಹಿಡಿದು ಹಿಂದಿನ ನಮೂದು, ಅದರಿಂದ ಅದರ ಹಿಂದಿನದು, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗಬೇಕು. ಕಂಪ್ಯೂಟರಿನಲ್ಲಿ ಸಿಗುವುದು ಭೂಮಿ ಯೋಜನೆ ಬಂದ ಮೇಲಿನದು. ಅದಕ್ಕೂ ಹಿಂದಿನದು ಕೈಬರಹದ ಪಹಣಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಕೊಡಬೇಕು. ನಮ್ಮದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆ, ಅಲ್ಲಿ ಹಕ್ಕುದಾಖಲೆಗೆ 1903ರಲ್ಲೇ ಕಾಯ್ದೆ ಬಂದಿತ್ತು, ಹಾಗಾಗಿ ಅದೃಷ್ಟ ಇದ್ದರೆ ಬಹಳ ಹಿಂದಕ್ಕೆ ಹೋಗಬಹುದು. ಅಳತೆಗೆ ಟಿಪ್ಪಣಿ (ಸರ್ವೆಯ ಅಳತೆ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಕೇಳಿ. ಪಟ್ಟಣದ ಒಳಗಿನ ಜಾಗವಾದರೆ ಸಿಟಿ ಸರ್ವೆ ಕಚೇರಿ.

ಮುಂದಿನದು ಸಬ್ ರಿಜಿಸ್ಟ್ರಾರ್ ಕಚೇರಿ. ಆನ್‌ಲೈನ್ ಋಣಭಾರ ಪತ್ರ (ಇ.ಸಿ.) 2004ರ ಏಪ್ರಿಲ್‌ನಿಂದ ಈಚಿನದ್ದು ಮಾತ್ರ. ಹಳೆಯದಕ್ಕೆ ಕಚೇರಿಯಲ್ಲೇ ಇಂಡೆಕ್ಸ್ ಪುಸ್ತಕ ಹುಡುಕಿಸಬೇಕು. ಒಂದನೇ ಇಂಡೆಕ್ಸ್ ಜನರ ಹೆಸರಿನ ಮೇಲೆ, ಎರಡನೆಯದು ಆಸ್ತಿಯ ಮೇಲೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು, ನೀವು ಆ ಮನೆಯವರೇ ಆಗಬೇಕಿಲ್ಲ. ಮೃತ್ಯುಪತ್ರಗಳು ಮೂರನೇ ಪುಸ್ತಕದಲ್ಲಿ ಇರುತ್ತವೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನೂ ಯಾರು ಬೇಕಾದರೂ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಗದ್ದೆಯನ್ನು ದನಗಳ ಹುಲ್ಲಿಗೆ ಅಂತ ಬರೆದಿಟ್ಟಿದ್ದರೆ ಅದು ಇಲ್ಲೇ ಸಿಗಬೇಕು. ದಾನಪತ್ರ ಸಿಕ್ಕರೆ ಪೂರ್ತಿ ಓದಿ, ಚೆಕ್ಕುಬಂದಿಯನ್ನೂ ಬಿಡಬೇಡಿ. ನಾಲ್ಕು ಗಡಿ ಹೇಳುವಾಗ 'ಪೂರ್ವಕ್ಕೆ ಇಂಥವರ ಲಾಳದ ಅಂಗಡಿ' ಅನ್ನುವಂಥ ಮಾತು ಬಂದುಬಿಡುತ್ತದೆ. ನಮ್ಮ ಕೊಟ್ಟಿಗೆಯ ಪತ್ರದಲ್ಲಿ ಬಂದಿತ್ತು. ಅಜ್ಜಿಯ ಮಾತು ನೆನಪಾಗಿ ನಾನು ಆ ಬೆಂಚಿನ ಮೇಲೆ ಬಹಳ ಹೊತ್ತು ಕೂತೇ ಇದ್ದೆ.

ಜಾಗವೇ ಹೋಗಿದ್ದರೆ? ನಮ್ಮ ಜಿಲ್ಲೆಯಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಸೂಪಾ ಊರು ಅಣೆಕಟ್ಟಿನಲ್ಲಿ ಮುಳುಗಿತು, ಕಾರವಾರ-ಅಂಕೋಲಾದ ಎಷ್ಟೋ ಮನೆಗಳು ಸೀಬರ್ಡ್ ನೌಕಾನೆಲೆಗೆ ಹೋದವು, ಕೊಂಕಣ ರೈಲು, ಹೆದ್ದಾರಿ ಅಗಲೀಕರಣ ಬೇರೆ. ಇಂಥ ಕಡೆ ಭೂಸ್ವಾಧೀನದ ಕಡತ ಕೇಳಿ. ಪರಿಹಾರ ಕೊಡುವಾಗ ಕಟ್ಟಡ, ಬಾವಿ, ಮರ ಎಲ್ಲವನ್ನೂ ಪಟ್ಟಿ ಮಾಡಿರುತ್ತಾರೆ, ಯಾರ ಹೆಸರಿಗೆ ಅನ್ನುವುದೂ ಇರುತ್ತದೆ.

ಕಚೇರಿಯಲ್ಲಿ "ಇಲ್ಲ" ಅಂದರೆ

ಒಂದು ಕಚೇರಿಯಲ್ಲಿ ನನಗೆ ಮೂರು ಸಲ "ಗೆದ್ದಲು ತಿಂದಿದೆ" ಅಂದರು. ನಾಲ್ಕನೇ ಸಲ ಬರಹದಲ್ಲಿ ಕೇಳಿದೆ, ಸಿಕ್ಕಿತು. ಆದ್ದರಿಂದ ಜಗಳ ಬೇಡ, ಬರಹ ಇರಲಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದ ಒಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ಗೋಶಾಲೆಯ ಎಲ್ಲ ದಾಖಲೆ ಕೊಡಿ' ಅಂತ ಬರೆದರೆ ಏನೂ ಬರುವುದಿಲ್ಲ. ಸರ್ವೆ ನಂಬರ್, ಗ್ರಾಮ, ಇಂಥ ವರ್ಷದಿಂದ ಇಂಥ ವರ್ಷದ ತನಕ, ಇಂಥ ರಿಜಿಸ್ಟರು, ಹೀಗೆ ಬರೆಯಿರಿ. ಜೊತೆಗೆ ಕಡತಗಳ ಪಟ್ಟಿಯನ್ನೇ ನೋಡಲು ಅವಕಾಶ ಕೇಳಿ. ಪಟ್ಟಿ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ಜಿಲ್ಲೆಯ ಕಾಗದ ಯಾವ ಊರಿನಲ್ಲಿ?

ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಬರಬೇಕಾಗುತ್ತದೆ. 1862ರ ತನಕ ನಾವು ಮದ್ರಾಸಿನವರು. ಆ ಕಾಲದ ಸರ್ಕಾರಿ ಕಾಗದಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. 1862ರಿಂದ 1956ರ ತನಕ ಮುಂಬಯಿ, ಅಂದರೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ. ಆಮೇಲಿನದಕ್ಕೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ. ಆದರೆ ಇಷ್ಟು ದೂರ ಹೋಗುವ ಮೊದಲು ಕಾರವಾರ, ನಿಮ್ಮ ತಾಲ್ಲೂಕು ಕಚೇರಿ, ಪುರಸಭೆ ಅಥವಾ ನಗರಸಭೆಯ ಹಳೆಯ ಠರಾವು ಪುಸ್ತಕ ಮುಗಿಸಿ.

ಹುಡುಕುವಾಗ ಊರಿನ ಹಳೆಯ ಇಂಗ್ಲಿಷ್ ಕಾಗುಣಿತ ಬೇಕು. ಕುಮಟೆಗೆ 'ಕೂಂಪ್ಟಾ', ಹೊನ್ನಾವರಕ್ಕೆ 'ಓನೋರ್', ಜಿಲ್ಲೆಗೆ 'ನಾರ್ತ್ ಕೆನರಾ'. ಕಾರವಾರ, ಕೆನರಾ ಎರಡನ್ನೂ ಕೆ ಅಕ್ಷರದಲ್ಲಿ ಒಮ್ಮೆ, ಸಿ ಅಕ್ಷರದಲ್ಲಿ ಒಮ್ಮೆ ಹಾಕಿ ನೋಡಿ.

ಮನೆಯಲ್ಲೇ ಕೂತು ನೋಡಬಹುದಾದ್ದು ಎರಡು ಇವೆ. ಒಂದು, ಕ್ಯಾಂಬೆಲ್ ಸಂಪಾದಿಸಿದ 1883ರ ಮುಂಬಯಿ ಗೆಜೆಟಿಯರಿನ 15ನೇ ಸಂಪುಟ, ಅದು ಪೂರ್ತಿ ನಮ್ಮ ಜಿಲ್ಲೆಯದ್ದೇ. ಇನ್ನೊಂದು, ಮುಂಬಯಿ ಪ್ರಾಂತ್ಯದ ಪಶುವೈದ್ಯ ಇಲಾಖೆಯ ವಾರ್ಷಿಕ ವರದಿಗಳು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂಥ ವರದಿಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ನಿಮ್ಮೂರಿನ ದನದ ಆಸ್ಪತ್ರೆ ಯಾವಾಗ ಶುರುವಾಯಿತು, ಆ ವರ್ಷ ಯಾವ ರೋಗ ಬಂದಿತ್ತು ಅನ್ನುವ ಜಾಡು ಇಂಥ ಕಡೆ ಹಿಡಿಯಬೇಕು.

ಸಂಸ್ಥೆಯ ನೋಂದಣಿ

ಸಂಘವಾಗಿದ್ದರೆ 1860ರ ಸಂಘಗಳ ಕಾಯ್ದೆ, 1960ರ ನಂತರವಾದರೆ ನಮ್ಮ ರಾಜ್ಯದ್ದೇ ಕಾಯ್ದೆ. ಟ್ರಸ್ಟ್ ಆಗಿ 1950ರ ದಶಕದಲ್ಲಿ ಇದ್ದಿದ್ದರೆ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ ನೋಂದಾಯಿಸಿರಬೇಕು, ಯಾಕಂದರೆ ಆಗ ನಾವು ಮುಂಬಯಿಯಲ್ಲಿದ್ದೆವು. ಆ ರಿಜಿಸ್ಟರಿನಲ್ಲಿ ಟ್ರಸ್ಟಿಗಳ ಹೆಸರು, ಆಸ್ತಿ, ಮುಂದೆ ಯಾರು ಟ್ರಸ್ಟಿ ಆಗಬೇಕು ಅನ್ನುವುದೆಲ್ಲ ಇರುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಮೇಲೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಬಂತು, ರುಕ್ಮಿಣಿದೇವಿ ಅರುಂಡೇಲ್ ಅದರ ಮೊದಲ ಅಧ್ಯಕ್ಷೆ. ಆಮೇಲಿನ ಸಂಸ್ಥೆಯಾದರೆ ಮಂಡಳಿಗೆ ಅರ್ಜಿ ಹಾಕಿರಬಹುದು, ಅನುದಾನದ ಪತ್ರ ಹುಡುಕಿ.

ಕೊಂಡವಾಡದ ಪಾವತಿ, ಅಂಗಡಿಯ ಕೀರ್ದಿ

ನನ್ನ ಮಟ್ಟಿಗೆ ಬಾಗಿಲು ತೆರೆದದ್ದು ಇಲ್ಲಿ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

1871ರ ಜಾನುವಾರು ಅತಿಕ್ರಮಣ ಕಾಯ್ದೆ ಗೊತ್ತಿರಬೇಕು. ಬೇರೆಯವರ ಗದ್ದೆಗೋ ಕಾಡಿಗೋ ನುಗ್ಗಿದ ದನವನ್ನು ಹಿಡಿದು ಕೊಂಡವಾಡಕ್ಕೆ, ಅಂದರೆ ಸರ್ಕಾರಿ ದೊಡ್ಡಿಗೆ ಹಾಕುತ್ತಿದ್ದರು. ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಏಳು ದಿನದಲ್ಲಿ ಯಾರೂ ಬರದಿದ್ದರೆ ನೋಟಿಸ್ ಹಚ್ಚುವುದು, ಮತ್ತೆ ಏಳು ದಿನ ಕಾದು ಹರಾಜು ಹಾಕುವುದು. ಉಳುಮೆಗೆ ಬಾರದ ಮುದಿ ಎತ್ತಿಗೆ ದಂಡ ಕಟ್ಟುವವರು ಯಾರು? ಅವು ಹರಾಜಿಗೇ ಹೋಗುತ್ತಿದ್ದವು. ಹಾಗಾಗಿ ಹರಾಜಿನ ಪಾವತಿಯಲ್ಲಿ ಕೊಂಡವರ ಹೆಸರು ನೋಡಿ. ಕೆಲಸಕ್ಕೆ ಬಾರದ ದನವನ್ನು ಒಬ್ಬರೇ ಮತ್ತೆ ಮತ್ತೆ ಕೊಂಡಿದ್ದರೆ ಅದಕ್ಕೆ ಕಾರಣ ಇರಲೇಬೇಕು. ಕಟುಕರಿಗೆ ಮಾರುವುದಕ್ಕೂ ಇರಬಹುದು, ಸಾಕುವುದಕ್ಕೂ ಇರಬಹುದು. ಯಾವುದು ಅಂತ ಬೇರೆ ಕಾಗದದಿಂದ ಗೊತ್ತಾಗಬೇಕು.

ಬೇರೆ ಕಾಗದ ಅಂದರೆ ವ್ಯಾಪಾರಿಗಳ ಲೆಕ್ಕದ ಪುಸ್ತಕ. ಪಾಂಜರಪೋಳಗಳು ನಡೆದದ್ದೇ ವ್ಯಾಪಾರದ ಧರ್ಮಾದಾಯದಿಂದ. ಮುಂಬಯಿಯಲ್ಲಿ 1834ರಲ್ಲಿ ಜಮ್ಶೆಡ್ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ಪಾಂಜರಪೋಳ ಕಟ್ಟಿದಾಗಲೂ ವ್ಯಾಪಾರಿಗಳು ಸರಕಿನ ಮೇಲೆ ಇಷ್ಟು ಅಂತ ಅದಕ್ಕೆ ತೆಗೆದಿಡುತ್ತಿದ್ದರು. ಕುಮಟೆ ಆ ಕಾಲದಲ್ಲಿ ಮುಂಬಯಿಗೆ ಹತ್ತಿ ಕಳಿಸುವ ಬಂದರು, ಹಡಗಿನ ಜೊತೆ ಪದ್ಧತಿಯೂ ಬಂದಿರಲಿಕ್ಕೆ ಸಾಕು. 1950ರ ಟ್ರಸ್ಟ್ ಕಾಯ್ದೆಯಲ್ಲೂ ಈ ಧರ್ಮಾದಾಯಕ್ಕೆ ಬೇರೆಯದೇ ಕಲಂ ಇದೆ. ನಿಮ್ಮೂರಿನ ಹಳೆಯ ಅಡಿಕೆ ವಖಾರಿ, ಕಿರಾಣಿ ಅಂಗಡಿಯ ಮನೆಯವರನ್ನು ಹಿಡಿಯಿರಿ. ಅಟ್ಟದ ಮೇಲೆ, ನಾಗಂದಿಗೆಯ ಮೇಲೆ ಕೆಂಪು ಬಟ್ಟೆ ಸುತ್ತಿದ ಕೀರ್ದಿ, ಖಾತೆವಹಿ ಇರುತ್ತವೆ. ಅವರ ಎದುರಿಗೇ ಬಿಚ್ಚಿ, ಅವರ ಮನೆಯಲ್ಲೇ ಫೋಟೋ ತೆಗೆಯಿರಿ, ಪುಸ್ತಕ ಮನೆಯಿಂದ ಹೊರಗೆ ತರಬೇಡಿ. 'ಧರ್ಮಾದಾಯ ಖಾತೆ' ಅನ್ನುವ ಪುಟ ಹುಡುಕಿ. '12-8-0' ಅಂದರೆ 12 ರೂಪಾಯಿ 8 ಆಣೆ. 16 ಆಣೆಗೆ ರೂಪಾಯಿ, 12 ಪೈಗೆ ಆಣೆ. ಆಣೆಯ ಲೆಕ್ಕ ಇದ್ದರೆ ಅದು ಹೆಚ್ಚು ಕಡಿಮೆ 1957ಕ್ಕಿಂತ ಹಿಂದಿನದು. ಬರಹ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಧಾರವಾಡ, ಬೆಳಗಾವಿ ಕಡೆ ಕೇಳಿ, ಇನ್ನೂ ಇದ್ದಾರೆ.

ಕಲ್ಲಿನಲ್ಲಿ ಹೆಸರಿದ್ದ ವ್ಯಾಪಾರಿಯ ಮೊಮ್ಮಕ್ಕಳು ನನಗೆ ಎರಡು ಕೀರ್ದಿ ತೋರಿಸಿದರು. ತಿಂಗಳು ತಿಂಗಳೂ ಒಂದೇ ಸಾಲು: ಹುಲ್ಲಿನ ಬಾಬ್ತು, ಹಿಂಡಿಯ ಬಾಬ್ತು, 'ಲಾಳದವರ ಕೈಲಿ'. ನಡುನಡುವೆ 'ಕೊಂಡವಾಡದ ಎತ್ತು 1, ಲಾಳದವರು ಕೊಟ್ಟ ಹಣ ವಾಪಸು'. ಅಂದರೆ ಮೊದಲು ತನ್ನ ಕೈಯಿಂದ ಹಣ ಕೊಟ್ಟು ಎತ್ತು ಬಿಡಿಸಿದ್ದು ಆತ, ವ್ಯಾಪಾರಿ ಆಮೇಲೆ ಭರ್ತಿ ಮಾಡಿದ್ದು. ಘಟ್ಟ ಹತ್ತಿಳಿಯುವ ಗಾಡಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಮನುಷ್ಯ. ಕಾಲು ಹೋದ ಎತ್ತನ್ನು ಗಾಡಿಯವರು ಬಿಟ್ಟುಹೋಗುವುದನ್ನು ದಿನಾ ನೋಡಿದವರು. ಪುಸ್ತಕದಲ್ಲಿ ಪುಟಗಟ್ಟಲೆ ಅವರೇ ಇದ್ದಾರೆ, ಹೆಸರು ಬಂದದ್ದು ಎರಡೇ ಕಡೆ. ಆ ಎರಡು ಸಾಲಿನಿಂದಲೇ ಕುಮಟೆಯಲ್ಲಿ ಅವರ ಮನೆಯವರನ್ನು ಹುಡುಕಲು ಆಯಿತು. ಅವರ ಪೆಟ್ಟಿಗೆಯಲ್ಲಿ ಹನ್ನೊಂದು ಹರಾಜಿನ ಪಾವತಿಗಳು ಮಡಚಿ ಇದ್ದವು, ಅದು ಏನು ಅಂತ ಆ ಮನೆಯ ಯಾರಿಗೂ ಗೊತ್ತಿರಲಿಲ್ಲ, ಆದರೂ ಯಾರೂ ಬಿಸಾಡಿರಲಿಲ್ಲ. ಎಲ್ಲ 1920ರ ದಶಕದವು. ಕಲ್ಲಿನ ಶಾರ್ವರಿ 1960-61ರದ್ದು ಅಂತ ದಾನಪತ್ರದಿಂದ ಖಚಿತವಾಗಿತ್ತು. ಕೊಟ್ಟಿಗೆಗೆ ಗೋಡೆ ಬರುವ ಮೂವತ್ತು ವರ್ಷ ಮೊದಲೇ ದನಗಳು ಅಲ್ಲಿದ್ದವು.

ಪತ್ರಿಕೆಗಳು

ಕುಮಟೆಯ ಕಾನಡಾ ವೃತ್ತ, ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, ಈಚಿನದಕ್ಕೆ ಶಿರಸಿಯ ಲೋಕಧ್ವನಿ. ಕಾರವಾರದ ಜಿಲ್ಲಾ ಗ್ರಂಥಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘ, ಹೀಗೆ ಕೇಳುತ್ತಾ ಹೋಗಿ. ತಾರೀಕು ಗೊತ್ತಿಲ್ಲದೆ ಪತ್ರಿಕೆ ತಿರುವಿ ಹಾಕುವುದು ಸಮುದ್ರದಲ್ಲಿ ಉಂಗುರ ಹುಡುಕಿದ ಹಾಗೆ, ಮೊದಲು ಕಾಗದದಿಂದ ಒಂದು ವರ್ಷ ಹಿಡಿದುಕೊಳ್ಳಿ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಗಾಂಧೀಜಿ ಅಧ್ಯಕ್ಷತೆಯಲ್ಲಿ ಗೋರಕ್ಷಣಾ ಸಮ್ಮೇಳನವೂ ನಡೆಯಿತು, ಅದರ ಮುಂದಿನ ನಾಲ್ಕೈದು ವರ್ಷಗಳನ್ನು ಒಮ್ಮೆ ನೋಡಿ. ಶಿರಸಿಯವರಾದರೆ ಮಾರಿಕಾಂಬಾ ದೇವಸ್ಥಾನದಲ್ಲಿ ಕೋಣದ ಬಲಿ ನಿಂತ 1930ರ ದಶಕದ ಸುದ್ದಿಗಳನ್ನೂ ನೋಡಿ. ಪ್ರಾಣಿದಯೆಯ ಬಗ್ಗೆ ಊರಿನಲ್ಲಿ ಯಾರು ಮಾತಾಡುತ್ತಿದ್ದರು ಅನ್ನುವುದು ಅಲ್ಲಿ ಸಿಗಬಹುದು.

ಒಂದೇ ಹೆಸರು, ಬೇರೆ ಜನ

ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಗಣಪತಿಯ ಮಗ ರಾಮ, ರಾಮನ ಮಗ ಮತ್ತೆ ಗಣಪತಿ. ಅಡ್ಡಹೆಸರೋ, ಒಂದು ಸೀಮೆಗೆಲ್ಲ ಹೆಗಡೆ, ಭಟ್ಟ, ನಾಯ್ಕ, ನಾಯಕ. ಆದ್ದರಿಂದ ಬರೀ ಹೆಸರು ಸಿಕ್ಕಿದ್ದಕ್ಕೆ ಖುಷಿ ಪಡಬೇಡಿ. ತಂದೆಯ ಹೆಸರು ಮತ್ತು ಊರು ಎರಡೂ ಹೊಂದಬೇಕು. ಮುಂಬಯಿ ಕಾಲದ ಕಾಗದದಲ್ಲಿ ಹೆಸರಿನ ನಡುವೆ ತಂದೆಯ ಹೆಸರು ಬರೆಯುವ ರೂಢಿ ಇತ್ತು, ಅದು ದೊಡ್ಡ ಉಪಕಾರ. ತೀರಿಕೊಂಡ ದಿನಕ್ಕೆ ಮರಣ ರಿಜಿಸ್ಟರ್ ನೋಡಿಸಿ. 1930ರಲ್ಲಿ ತೀರಿಕೊಂಡವರ ಸಹಿ 1938ರ ಪತ್ರದಲ್ಲಿದ್ದರೆ ನೀವು ಇಬ್ಬರನ್ನು ಒಬ್ಬರು ಮಾಡಿದ್ದೀರಿ ಅಂತಲೇ ಅರ್ಥ.

ಒಂದು ಸಂಗತಿಯನ್ನು ಬರೆಯಬೇಕಾದರೆ ಕಡೇಪಕ್ಷ ಎರಡು ಬೇರೆ ಬೇರೆ ಮೂಲ ಇರಲಿ, ಒಂದು ಕಾಗದ, ಒಂದು ಬಾಯಿಮಾತು. ಒಬ್ಬರು ಹೇಳಿದ್ದನ್ನೇ ಕೇಳಿ ಇನ್ನೊಬ್ಬರು ಹೇಳಿದರೆ ಅದು ಒಂದೇ ಮೂಲ.

ಯಾಕೆ ಮರೆತರು ಅನ್ನುವುದನ್ನೂ ಹುಡುಕಿ

ಇದನ್ನು ಬಿಟ್ಟರೆ ಕಥೆ ಅರ್ಧ. ನಮ್ಮ ಕಡೆ ಒಂದು ದೊಡ್ಡ ಕಾರಣ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ. ಉತ್ತರ ಕನ್ನಡ ಗೇಣಿಯ ಸೀಮೆ. ಗೋಶಾಲೆಗೆ ಅಂತ ಬಿಟ್ಟ ಗದ್ದೆಯನ್ನು ಗೇಣಿದಾರರು ಮಾಡುತ್ತಿದ್ದರೆ ಅದು ಅವರಿಗೇ ಹೋಯಿತು. ಅದು ನ್ಯಾಯವೇ, ಉತ್ತವರಿಗೆ ನೆಲ ಸಿಕ್ಕಿತು. ಆದರೆ ಗೇಣಿ ನಿಂತಿತು, ಹುಲ್ಲಿನ ಕುತ್ರಿಯೂ ನಿಂತಿತು, ಟ್ರಸ್ಟಿಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ತಾಲ್ಲೂಕು ಕಚೇರಿಯಲ್ಲಿ ಭೂ ನ್ಯಾಯಮಂಡಳಿಯ ಕಡತ, ಗೇಣಿದಾರರು ನೆಲಕ್ಕಾಗಿ ಹಾಕಿದ ಫಾರಂ ನಂಬರ್ 7ರ ಅರ್ಜಿ ಕೇಳಿ. ಅದರಲ್ಲಿ ಎರಡೂ ಕಡೆಯವರ ಹೇಳಿಕೆ ಇರುತ್ತದೆ. ಗೋಶಾಲೆ ಹೇಗೆ ನಡೆಯುತ್ತಿತ್ತು ಅಂತ ಜನ ಪ್ರಮಾಣ ಮಾಡಿ ಹೇಳಿದ ಮಾತು ಬೇರೆಲ್ಲೂ ಸಿಗಲಿಕ್ಕಿಲ್ಲ. ಇನ್ನೊಂದು ಕಾರಣ ಲಾರಿ. ಗಾಡಿ ಹೋಯಿತು, ಎತ್ತು ಹೋಯಿತು, ಲಾಳವೂ ಹೋಯಿತು.

ಬರೆಯುವಾಗ

ಇಸವಿಯ ಪ್ರಕಾರ ಒಂದು ಸಾದಾ ಪಟ್ಟಿ ಮೊದಲು ಮಾಡಿ. ಖಚಿತವಾದದ್ದು, ಊಹೆ, ಬಾಯಿಮಾತು, ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ನಡುವೆ ಖಾಲಿ ಜಾಗ ಇದ್ದರೆ ಖಾಲಿಯೇ ಬಿಡಿ. ಸ್ಥಾಪಕರನ್ನು ದೇವರು ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬದುಕಿರುವವರ ಜಗಳ, ಜಾತಿಯ ಮಾತು, ಆಸ್ತಿಯ ತಕರಾರು ನಿಮ್ಮ ಕೈಗೆ ಸಿಕ್ಕೇ ಸಿಗುತ್ತವೆ, ಅವನ್ನು ನೋಟುಬುಕ್ಕಿನಲ್ಲೇ ಇಡಿ. ಕನ್ನಡ ವಿಕಿಪೀಡಿಯಾಕ್ಕೆ ನೇರ ಹಾಕಬೇಡಿ, ಅಲ್ಲಿ ಎಲ್ಲೋ ಪ್ರಕಟವಾದ ಮೂಲ ಕೇಳುತ್ತಾರೆ. ಮೊದಲು ಸ್ಥಳೀಯ ಪತ್ರಿಕೆಯಲ್ಲೋ ಸ್ಮರಣ ಸಂಚಿಕೆಯಲ್ಲೋ ಬರಲಿ.

ನಕಲುಗಳನ್ನು ಮೂರು ಕಡೆ ಇಡಿ: ಆ ಮನೆಯವರ ಹತ್ತಿರ, ಊರಿನ ಗ್ರಂಥಾಲಯದಲ್ಲಿ, ನಿಮ್ಮ ಹತ್ತಿರ. ಜೂನ್ ಬರುವ ಮೊದಲು ಗಾಳಿಯಾಡದ ಡಬ್ಬಿಗೆ ಹಾಕಿ, ನಮ್ಮ ಕಡೆಯ ಮಳೆ ಕಾಗದಕ್ಕೆ ಒಳ್ಳೆಯದಲ್ಲ.

ಪ್ರಕಟ ಮಾಡುವ ಮೊದಲು ಮನೆಯವರಿಗೆ ಓದಿ ಹೇಳಿ. ನಾನು ಇಲ್ಲಿ ಲಾಳದವರ ಹೆಸರು ಬರೆದಿಲ್ಲ, ಅದು ಮೊದಲು ಕೊಟ್ಟಿಗೆಯ ಕಲ್ಲಿನ ಮೇಲೆ ಬರಲಿ ಅಂತ ಅವರ ಮೊಮ್ಮಗ ಕೇಳಿಕೊಂಡಿದ್ದಾರೆ. ಹಳೆಯ ಕಲ್ಲನ್ನು ತೆಗೆಯುತ್ತಿಲ್ಲ. ಅದರ ಕೆಳಗೆ, ಬಾನಿಯ ಪಕ್ಕ, ಹೊಸದೊಂದು ಬರುತ್ತದೆ. ಏನು ಬರೆಸೋಣ ಅಂತ ಕೇಳಿದಾಗ ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಜ್ಜನ ಹೆಸರಿನ ಕೆಳಗೆ ದೊಡ್ಡ ಬಿರುದೇನೂ ಬೇಡ, 'ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು' ಅಂತ ಬರೆಸಿ ಅಂದರು.